ಹೆದ್ದಾರಿಯ ಮೇಲೆ ಭಂಡಾರ

ನಮ್ಮ ಮನೆಗೂ ರೇವಮ್ಮನ ಮನೆಗೂ ನಡುವೆ ಇರುವುದು ಒಂದೇ ತಗಡು. ಆಕೆಯ ಮನೆಯಲ್ಲಿ ರೊಟ್ಟಿ ಬಡಿದರೆ ನಮ್ಮ ಮನೆಯ ಡಬ್ಬಿಗಳು ಅಲುಗುತ್ತವೆ. ಅಲ್ಲಿ ಜಗಳ ಶುರುವಾದರೆ ನಮ್ಮಲ್ಲಿ ಯಾರೂ ಟೀವಿ ಹಚ್ಚುವುದಿಲ್ಲ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಕಂಡದ್ದು, ಅರ್ಧ ಕೇಳಿದ್ದು. ಕದ್ದು ಕೇಳಿದೆ ಎಂದು ಮಾತ್ರ ಅನ್ನಬೇಡಿ. ತಗಡಿಗೆ ಗುಟ್ಟು ಮುಚ್ಚುವ ಬುದ್ಧಿ ಇಲ್ಲದಿದ್ದರೆ ನಾನೇನು ಮಾಡಲಿ?

ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆ ಹೊರಟರೆ, ಟಾವೆಲ್ ಕಾರಖಾನೆಗಳ ಸಾಲು ಮುಗಿದ ಮೇಲೆ ಎಡಕ್ಕೆ ಬರುವುದು ನಮ್ಮ ವಸ್ತಿ. ರಸ್ತೆ ಮೊದಲು ಸಣ್ಣದಿತ್ತು. ಅಗಲ ಮಾಡಿದ ಮೇಲೆ ಅದರ ಸ್ವಭಾವವೇ ಬದಲಾಯಿತು. ಈಚೆ ಕಡೆ ನಾವು. ನಮಗೆ ಬೇಕಾದದ್ದೆಲ್ಲ ಆಚೆ ಕಡೆ: ನೀರಿನ ನಳ, ಮಕ್ಕಳ ಸಾಲೆ, ಹಿಟ್ಟಿನ ಗಿರಣಿ, ಕಟ್ಟಿದ ಬೀಡಿ ಕೊಟ್ಟು ಎಲೆ-ತಂಬಾಕು ತರುವ ಅಂಗಡಿ. ನಡುವಿನ ಸಿಮೆಂಟಿನ ಕಟ್ಟೆಯನ್ನು ಯಾರೋ ಒಡೆದು ಒಬ್ಬರು ತೂರುವಷ್ಟು ಸಂದಿ ಮಾಡಿದ್ದರು. ನಾವೆಲ್ಲ ದಾಟುವುದು ಅಲ್ಲಿಯೇ. ಸ್ವಲ್ಪ ಮುಂದೆ ಗೇಟು, ವಾಚಮನ್ ಇರುವ ದೊಡ್ಡ ಸೊಸೈಟಿಯೊಂದು ಬಂದಿದೆ. ಅದರ ಮುಂದೆ ಬ್ರೇಕರ್ ಇದೆ, ಬಿಳಿ ಪಟ್ಟೆ ಇದೆ, ಕೆಂಪು ಹಸಿರು ದೀಪ ಇದೆ. ನಮಗೂ ಒಂದು ಬ್ರೇಕರ್ ಕೊಡಿ ಎಂದು ಕೇಳಲು ನಮ್ಮವರು ಸಾಹೇಬರ ಬಾಗಿಲಿಗೆ ಹೋಗಿ ಬಂದರು. ಮಂಜೂರಿ ಬರಲಿ ಎಂದರಂತೆ. ಆ ಮಂಜೂರಿ ಇನ್ನೂ ಬಂದಿಲ್ಲ. ಅದೂ ಎಲ್ಲೋ ರಸ್ತೆ ದಾಟಲು ಕಾಯುತ್ತ ನಿಂತಿರಬೇಕು.

ರೇವಮ್ಮ ಹನ್ನೂರಿನ ಕುರಿಗಾರರ ಮನೆಯ ಮಗಳು. ಗಂಡನ ಜೊತೆ ಹಿಂಡಿನ ಹಿಂದೆ ಊರೂರು ಅಲೆದವಳು, ಅವನು ತೀರಿದ ಮೇಲೆ ಮಗನ ಬೆನ್ನು ಹತ್ತಿ ಶಹರಕ್ಕೆ ಬಂದಳು. ಮಗ ಹಣಮಂತಪ್ಪ ಕಾರಖಾನೆಯಲ್ಲಿ ಟಾವೆಲ್ ಮಗ್ಗ ನಡೆಸುತ್ತಾನೆ. ಮಗ್ಗದ ಸದ್ದಿಗೆ ಅರ್ಧ ಕಿವುಡ, ಹೆಂಡತಿ ತಾಯಿ ಜಗಳಾಡುವಾಗ ಪೂರಾ ಕಿವುಡ. ಸೊಸೆ ದ್ರೌಪದಿ ಬೀಡಿ ಕಟ್ಟುತ್ತಾಳೆ. ಮೊಮ್ಮಗಳು ಸೋನಾಲಿ ಕಾಲೇಜಿಗೆ ಹೋಗುವವಳು, ಅವಳ ತಮ್ಮ ಅಮೋಲ ಆಚೆಯ ಸಾಲೆಯಲ್ಲಿ ನಾಲ್ಕನೆಯ ವರ್ಗ.

ದೀಪಾವಳಿ ಮುಗಿದ ವಾರ ಸೋನಾಲಿ ಕಾಲೇಜಿಗೆ ಹೊರಟಿದ್ದಳು. ಬಸ್ಸಿಗೆ ಹೊತ್ತಾಗಿತ್ತು. ಆದರೂ ದ್ರೌಪದಿ ಬೀಡಿಯ ಬುಟ್ಟಿ ಕೈಗಿಟ್ಟು, "ಹೋಗ್ತಾ ಕೊಟ್ಟು ಹೋಗು, ಏನ್ ಸವದು ಹೋಗ್ತೀ?" ಎಂದಳು. ಹುಡುಗಿ ಅವಸರದಲ್ಲಿ ಸಂದಿ ದಾಟಿದಳು. ಟೆಂಪೋ ಒಂದು ಬಡಿದು, ನಿಲ್ಲದೆ ಹೋಯಿತು. ಬೀಡಿ ರಸ್ತೆ ತುಂಬ ಚೆಲ್ಲಿದವು. ನಾವು ಓಡಿ ಹೋದಾಗ ಅವಳು ಕಾಲು ಹಿಡಿದುಕೊಂಡು, "ಬೀಡಿ ಆರಸ್ರಿ, ಅವ್ವ ಬೈತಾಳ" ಎನ್ನುತ್ತಿದ್ದಳು. ಆ ಮಾತು ದ್ರೌಪದಿಯ ಕಿವಿಗೂ ಬಿತ್ತು. ಅಂದಿನಿಂದ ಆಕೆ ಮಗಳ ಮುಖ ನೇರವಾಗಿ ನೋಡಲಿಲ್ಲ.

ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಒಳಗೆ ಸಲಾಕೆ ಹಾಕಿ ಮೇಲೆ ಪ್ಲಾಸ್ಟರ್ ಸುತ್ತಿ ಮನೆಗೆ ಕಳಿಸಿದರು. ಅಂದು ಸಂಜೆ ಊಟದ ಹೊತ್ತಿಗೆ ತಗಡಿನ ಆಚೆ ಶುರುವಾಯಿತು.

"ಅಮೋಲ ನಾಳಿಂದ ಸಾಲಿಗಿ ಹೋಗೂದಿಲ್ಲ," ದ್ರೌಪದಿ ರೊಟ್ಟಿಯನ್ನು ತಾಟಿಗೆ ಒಗೆದಳು.

"ಹೋಗದ ಏನ್ ಮಾಡ್ತಾನ?" ಎಂದ ಹಣಮಂತಪ್ಪ.

"ನನ್ನ ಬಾಜೂಕ ಕುಂತು ಬೀಡಿ ಕಟ್ತಾನ. ಕಾಲಾದ್ರೂ ಉಳಿತಾವ."

"ಗಂಡಹುಡುಗ ಬೀಡಿ ಕಟ್ಟತಾನೇನ?"

"ಯಾಕ ಕಟ್ಟಬಾರದು? ನೀವು ಮಗ್ಗದ ಮುಂದ ನಿಂತು ಏನ್ ಕಿರೀಟ ಹೊತ್ತೀರಿ?"

ಹಣಮಂತಪ್ಪ ಕಿವುಡನಾದ. ಮೂಲೆಯಲ್ಲಿ ಮಲಗಿದ್ದ ಸೋನಾಲಿ ತಲೆ ಎತ್ತಿದಳು. "ಅವ್ವಾ, ಆ ಸೊಸೈಟಿ ಹುಡುಗರು ಕಾರಿನ್ಯಾಗ ಸಾಲಿಗಿ ಹೋಗತಾವ. ಅವಕ್ಕ ಬ್ರೇಕರ್ ಐತಿ, ಸಿಗ್ನಲ್ ಐತಿ. ನಾವು ನಡಕೋತ ಹೋಗೂ ಮಂದಿ, ನಮಗ ಏನೂ ಇಲ್ಲ. ಇವನ ಸಾಲಿ ಬಿಡಿಸಿದ್ರ ಆತೇನು? ನೀರು ತರೂದು ಬಿಡಿಸ್ತಿ? ಹಿಟ್ಟು ಹಾಕಿಸೂದು ಬಿಡಿಸ್ತಿ?"

"ಮತ್ತೇನ್ ಮಾಡ್ಲಿ? ಇನ್ನೊಂದು ಕೂಸಿನ ಕಾಲೂ ಆ ರಸ್ತಾಕ್ಕ ಕೊಡ್ಲೇನು?" ದ್ರೌಪದಿಯ ದನಿ ಒಡೆಯಿತು. "ಒಬ್ಬಾಂವ ಉಳದಾನ. ಇವನಾದ್ರೂ ನೆಟ್ಟಗ ಉಳೀಲಿ. ನನಗ ಬ್ಯಾರೆ ಏನೂ ಬ್ಯಾಡ."

ಅಮೋಲ ತಾಟು ಸರಿಸಿ ಅಜ್ಜಿಯನ್ನು ಕೇಳಿದ. "ಆಯಿ, ಕುರಿ ರಸ್ತಾ ಹ್ಯಾಂಗ ದಾಟತಿದ್ದೂ?"

"ನಿಮ್ಮ ಮುತ್ಯಾ ನಡುರಸ್ತಾದಾಗ ಕೈ ಚಾಚಿ ನಿಂದ್ರತಿದ್ದ. ಅವನ್ನ ನೋಡಿ ಗಾಡಿ ನಿಂದ್ರತಿದ್ದೂ."

"ಈಗ ಯಾರ್ ನಿಂದ್ರಬೇಕು?"

ರೇವಮ್ಮ ಕಂಬಳಿ ಎಳೆದುಕೊಂಡು ಮಲಗಿದಳು. ಬೆಳಿಗ್ಗೆ ಎದ್ದವಳು ಚಹಾ ಕುಡಿಯುವ ಮೊದಲೇ ಕುರಿಗಾರರ ದೇವರು ಕನಸಿನಲ್ಲಿ ಬಂದ ಸುದ್ದಿ ತೆಗೆದಳು. ಹೇಳುವಾಗ ಆಕೆಯ ಕಣ್ಣು ಇನ್ನೂ ಅಲ್ಲೇ ಇತ್ತು.

"ಬೀರಪ್ಪ ಬಂದಿದ್ದ. ರಸ್ತಾದ ಮ್ಯಾಲ ಒಂದ ಗಾಡಿ ಇಲ್ಲ. ಎಲ್ಲಿ ನೋಡಿದ್ರೂ ಕುರಿ. ಅಕ್ಕಲಕೋಟಿ ತನಾ ಬೆಳ್ಳಗ, ಮೆತ್ತಗ, ಸಪ್ಪಳ ಇಲ್ಲದ ಹೊಂಟಾವ. ನಡುವ ಅಂವ ಕಂಬಳಿ ಹೊತ್ತು ನಿಂತಾನ. ಅವನ ಬೆನ್ನ ಹಿಂದಿಂದ ನಮ್ಮ ಹುಡುಗರು ದಾಟಾಕತ್ತಾರ. ಸೋನಾಲಿನೂ ಇದ್ಳು. ಎರಡೂ ಕಾಲಿಲೆ ಓಡಾಕತ್ತಿದ್ಳು. ಅಂವ ನನ್ನ ಕಡಿ ನೋಡಿ, ರೇವೀ, ನನ್ನ ಅಲ್ಲೇ ಬಿಟ್ಟು ಬಂದಿ ಅಲಾ, ಅಂದ."

"ಬರಾಂವ ಟೆಂಪೋಕಿಂತ ಮುಂದ ಬರಬೇಕಾಗಿತ್ತು," ಎಂದಳು ದ್ರೌಪದಿ, ಎಲೆ ಕತ್ತರಿಸುತ್ತ.

ಆದರೆ ರೇವಮ್ಮ ತಲೆಯಲ್ಲಿ ಹೊಕ್ಕಿದ್ದನ್ನು ಬಿಡುವ ಹೆಂಗಸಲ್ಲ. ಅಂದೇ ಕಂಬಳಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಅಕ್ಕಲಕೋಟೆಯಲ್ಲಿ ಇಳಿದು ಹನ್ನೂರಿನ ಗಾಡಿ ಹಿಡಿದಳು. ಅಲ್ಲಿ ಅವಳ ತಮ್ಮ ಸಿದ್ದಣ್ಣನ ಹೊಲದಲ್ಲಿ ಹಳೆಯ ಕುರಿದಡ್ಡಿ ಇದೆ, ದಡ್ಡಿಯ ಬಾಯಿಗೆ ಬೀರಪ್ಪನ ಕಲ್ಲುಗಳಿವೆ. ಅಜ್ಜಂದಿರು ಇಟ್ಟವು, ಗುಂಡಗೆ, ಅರಿಷಿಣ ಉಂಡು ಉಂಡು ಹಳದಿಯಾದವು. ಅಕ್ಕ ದೇವರನ್ನು ಕೇಳಿದಾಗ ಸಿದ್ದಣ್ಣ ಬಹಳ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ಎಲ್ಲಕ್ಕಿಂತ ಸಣ್ಣದನ್ನು ಎತ್ತಿ ಕೊಟ್ಟನಂತೆ. "ಇದನ್ನ ಒಯ್ಯಿ. ಶಹರದಾಗ ಜಾಗಾ ಕಡಿಮಿ" ಎಂದನಂತೆ.

ಬರುವಾಗ ಕಂಡಕ್ಟರ್ ಆಕೆಯ ಮಡಿಲಲ್ಲಿದ್ದ ಗಂಟು ನೋಡಿ ಅದರಲ್ಲೇನಿದೆ ಎಂದು ಮರಾಠಿಯಲ್ಲಿ ಕೇಳಿದ. "ಆಜೀ, ಕಾಯ್ ಆಹೇ ತ್ಯಾತ?"

"ದೇವರು."

"ದೇವರಿಗಿ ತಿಕೀಟ?" ಅವನೂ ಕನ್ನಡಕ್ಕೆ ಇಳಿದ.

"ಹೆಂಗಸರಿಗಿ ಅರ್ಧಾ, ದೇವರಿಗಿ ಮಾಫ್. ಧೈರ್ಯ ಇದ್ರ ತಿಕೀಟ ಹರಿ ನೋಡೂನು."

ಕಂಡಕ್ಟರ್ ಗಂಟನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಮುಂದೆ ಹೋದನಂತೆ. ಈ ಕಥೆಯನ್ನು ರೇವಮ್ಮ ವಸ್ತಿಯ ಎಲ್ಲ ಬಾಗಿಲಲ್ಲೂ ಹೇಳಿದಳು. ಪ್ರತಿ ಬಾಗಿಲಲ್ಲೂ ಕಂಡಕ್ಟರ್ ಒಂದಿಷ್ಟು ಹೆಚ್ಚು ಬಾಗಿದ.

ಭಾನುವಾರ ಬೆಳಿಗ್ಗೆ, ರಸ್ತೆ ಇನ್ನೂ ನಿದ್ದೆಗಣ್ಣಿನಲ್ಲಿದ್ದಾಗ, ಸಂದಿಯ ಪಕ್ಕದ ಮಣ್ಣಿನಲ್ಲಿ ಕಲ್ಲು ಕೂತಿತು. ವಸ್ತಿಯ ಮಂಡಳದ ಹುಡುಗರ ಮುಖಂಡ ಯುವರಾಜ ಎತ್ತರದ ಕೋಲಿಗೆ ಹಳದಿ ನಿಶಾನೆ ಕಟ್ಟಿ ನೆಟ್ಟ. ರೇವಮ್ಮ ಮುಷ್ಟಿ ತುಂಬ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ, ಮೇಲಕ್ಕೆ ಹಾರಿಸಿ, "ಬಿರೋಬಾನ ಹೆಸರಿಲೆ ಚಾಂಗಭಲೋ!" ಎಂದು ಬೀರಪ್ಪನಿಗೆ ಜಯಕಾರ ಕೂಗಿದಳು. ನಾವೂ ಕೂಗಿದೆವು. ಪುಡಿ ಇಳಿಯುವ ಹೊತ್ತಿಗೆ ಒಂದು ಲಾರಿ ಬಂತು. ಚಾಲಕ ನಿಶಾನೆ ಕಂಡ, ಕಲ್ಲು ಕಂಡ, ಕಾಲು ಬ್ರೇಕಿಗೆ ಹೋಯಿತು. ಎದೆಗೆ ಕೈ ಮುಟ್ಟಿಸಿಕೊಂಡು ಮೆಲ್ಲಗೆ ದಾಟಿ ಹೋದ.

ನಿಜ ಹೇಳುತ್ತೇನೆ, ನಾನೂ ಕಲ್ಲಿಗೆ ಕೈ ಮುಗಿದೆ. ನಾವು ಎಷ್ಟು ಕೈ ಬೀಸಿದರೂ ನಿಲ್ಲದ ಗಾಡಿಗಳು ಒಂದು ಗುಂಡುಕಲ್ಲಿಗೆ ತಲೆಬಾಗಿದವು.

ಈ ರಸ್ತೆಯಲ್ಲಿ ಓಡಾಡುವವರು ಬಹಳಷ್ಟು ಇದೇ ಸೀಮೆಯವರು. ಉಳ್ಳಾಗಡ್ಡಿ ತರುವವರು, ಸಂತೆಗೆ ಕುರಿ ಒಯ್ಯುವವರು. ಬೀರಪ್ಪನನ್ನೂ ಮೈಲಾರನನ್ನೂ ಬಲ್ಲವರು. ಬಲ್ಲವರೆಂದ ಮೇಲೆ ಬರಿಗೈಲಿ ಹೋಗುತ್ತಾರೆಯೇ? ಆ ದೇವರ ಮುಂದೆ ಭಂಡಾರ ಹಾರಿಸಿ, ಒಣಕೊಬ್ಬರಿಯ ಚೂರು ಎರಚುವುದು ರೂಢಿ. ಕೆಲವೇ ದಿನಗಳಲ್ಲಿ ಚಾಲಕರು ಸೀಟಿನ ಪಕ್ಕದಲ್ಲಿ ಪುಡಿಕೆ ಇಟ್ಟುಕೊಂಡು ಬರತೊಡಗಿದರು. ಕಿಟಕಿಯಿಂದ ಒಂದು ಮುಷ್ಟಿ ಹೊರಬರುತ್ತಿತ್ತು. ಭಂಡಾರ ಗಾಳಿಯಲ್ಲಿ ಏಳುತ್ತಿತ್ತು, ಕೊಬ್ಬರಿ ಚೂರು ಡಾಂಬರಿನ ಮೇಲೆ ಪುಟಿಯುತ್ತಿದ್ದವು.

ಕೊಬ್ಬರಿ ಬಿದ್ದ ಮೊದಲ ದಿನವೇ ರೇವಮ್ಮ ಮಕ್ಕಳನ್ನೆಲ್ಲ ನಡುವಿನ ಕಟ್ಟೆಯ ಹತ್ತಿರ ಕೂಡಿಸಿ ಹೇಳಿದ್ದಳು. ನಾನೇ ಕೇಳಿದ್ದೇನೆ.

"ದೇವರದು ಕಾಲಾಗ ಬೀಳಬಾರದು. ಯಾರರ ತುಳಿದ್ರ ಪಾಪ ನಮ್ಮ ವಸ್ತಿಗಿ ಬರತದ. ಬಿದ್ದ ಕೂಡ್ಲೆ ಎತ್ತಬೇಕು. ಗಾಲಿ ಕೆಳಗ ಹೋಗೂ ಮುಂದ ಎತ್ತಬೇಕು, ತಿಳೀತಿಲ್ಲೊ?"

ಮಕ್ಕಳಿಗೆ ತಿಳಿಯಿತು. ಹನ್ನೂರಿನ ದಡ್ಡಿಯ ಮುಂದೆ ಆಕೆ ಸಣ್ಣವಳಿದ್ದಾಗ ಕೇಳಿದ ಮಾತೇ ಅದು. ಅಲ್ಲಿ ಗಾಲಿ ಅಂದರೆ ಎತ್ತಿನ ಗಾಡಿಯದು.

ಆಮೇಲಿನ ವಾರಗಳನ್ನು ನೆನೆದರೆ ನಡೆದದ್ದೋ, ಕನಸಿನಲ್ಲಿ ಕಂಡದ್ದೋ ಎನ್ನುವಂತಾಗುತ್ತದೆ. ಸಂಜೆಯ ಬಿಸಿಲು ಓರೆಯಾಗಿ ಬೀಳುವಾಗ ರಸ್ತೆಯ ಮೇಲೆ ಹಳದಿ ಮಂಜು ನಿಂತಂತೆ ಕಾಣುತ್ತಿತ್ತು. ಒಗೆದು ಹಾಕಿದ ಬಟ್ಟೆ ಹಳದಿ, ಮೇಕೆಗಳ ಬೆನ್ನು ಹಳದಿ, ಸಾಲೆಯಿಂದ ಬರುವ ಮಕ್ಕಳ ತಲೆ ಹಳದಿ. ಆ ಮಬ್ಬಿನೊಳಗಿಂದ ಲಾರಿಗಳು ಮೆಲ್ಲಗೆ ತೇಲಿ ಬಂದು ಮೆಲ್ಲಗೆ ತೇಲಿ ಹೋಗುತ್ತಿದ್ದವು. ಹಾರ್ನ್ ಕೂಡ ಯಾರೂ ಒತ್ತುತ್ತಿರಲಿಲ್ಲ. ಹೆಂಗಸರು ಕೊಡ ಹೊತ್ತು ಮಾತಾಡುತ್ತ ದಾಟುತ್ತಿದ್ದರು. ನಾನೇ ಒಮ್ಮೆ ನಡುರಸ್ತೆಯಲ್ಲಿ ನಿಂತು ನಮ್ಮ ವಸ್ತಿಯ ಲೀಲಾಬಾಯಿಯ ಸೊಸೆಯ ಸುದ್ದಿ ಪೂರ್ತಿ ಕೇಳಿದೆ ಎಂದರೆ ನೋಡಿ!

ಮನೆ ಮನೆಯಲ್ಲಿ ಕೊಬ್ಬರಿಯಾಯಿತು. ಶೇಂಗಾ ಚಟ್ನಿಗೆ ಕೊಬ್ಬರಿ, ಬದನೆಕಾಯಿಗೆ ಕೊಬ್ಬರಿ, ಹಬ್ಬವಿಲ್ಲದೆ ಹೋಳಿಗೆಗೆ ಕೊಬ್ಬರಿ.

"ಇವತ್ತ ಕೊಬ್ಬರಿ ಇಲ್ಲದ್ದು ಏನರ ಐತೇನು?" ತಗಡಿನ ಆಚೆ ಹಣಮಂತಪ್ಪ ಕೇಳುತ್ತಿದ್ದ.

"ನೀರು ಐತಿ, ಕುಡೀರಿ," ಎನ್ನುತ್ತಿದ್ದಳು ದ್ರೌಪದಿ. ಅವಳ ದನಿಯಲ್ಲಿ ನಗೆ ಮರಳಿತ್ತು. ಅಮೋಲ ಸಾಲೆಗೆ ಹೋಗುತ್ತಿದ್ದ, ಬರುತ್ತಿದ್ದ, ಎರಡೂ ಕಾಲು ಇದ್ದವು. ಒಂದು ದಿನ ಆಕೆ ಅತ್ತೆಯ ತಾಟಿಗೆ ತುಪ್ಪ ಹಾಕುತ್ತ, "ಅತ್ತಿ, ನಿಮ್ಮ ಬೀರಪ್ಪ ಡ್ಯೂಟಿ ಚಲೋ ಮಾಡಾಕತ್ತಾನ್ರಿ" ಎಂದಳು. ರೇವಮ್ಮ ಅಂದು ಒಂದು ರೊಟ್ಟಿ ಹೆಚ್ಚು ಉಂಡಳು.

ಸೋನಾಲಿ ಮಾತ್ರ ಬಾಗಿಲಲ್ಲಿ ಕೂತಿರುತ್ತಿದ್ದಳು. ಪ್ಲಾಸ್ಟರ್ ಕಾಲನ್ನು ಉಲ್ಟಾ ಇಟ್ಟ ಬುಟ್ಟಿಯ ಮೇಲೆ ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಸುತ್ತುತ್ತ ರಸ್ತೆ ನೋಡುವುದೇ ಅವಳ ಕೆಲಸ. ಗುಳಿಗೆಯ ಮಂಪರಿನಲ್ಲಿ ಕಣ್ಣು ಎಳೆಯುತ್ತಿದ್ದವು. ಕೈಬೆರಳು ತಾನಾಗಿ ಎಲೆ ಮಡಿಚುತ್ತಿದ್ದವು. ನಾವೆಲ್ಲ ದಿನಕ್ಕೆ ಎರಡು ಸಲ ದಾಟಿ ನಮ್ಮ ಕೆಲಸಕ್ಕೆ ಹೋಗುವವರು. ರಸ್ತೆಯನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿದವಳು ಅವಳೊಬ್ಬಳೇ.

ಒಂದು ಮಧ್ಯಾಹ್ನ ಅವಳು ಅಜ್ಜಿಯನ್ನು ಕರೆದಳು. "ಆಯಿ, ಇಲ್ಲಿ ಬಂದು ಕುಂಡ್ರು. ಅಲ್ಲಿ ನೋಡು."

"ಏನ್ ನೋಡ್ಲಿ?"

"ಹುಡುಗರು ದಾಟಾಕ ಹೋಗವಲ್ಲರು. ಕೊಬ್ಬರಿ ಕಾಯಾಕ ಕುಂತಾರ. ಮೊದಲ ನಾವು ರಸ್ತಾಕ್ಕ ಅಂಜತಿದ್ವಿ. ಈಗ ಕಟ್ಟಿ ಮ್ಯಾಲ ದಿನಾ ಇವರದ ಸಂತಿ. ಚೂರು ಬಿದ್ದ ಕೂಡ್ಲೆ ಜಿಗೀತಾರ. ಒಗದ ಗಾಡಿ ಸಾವಕಾಶ ಹೋಗತದ, ಖರೆ. ಅದರ ಹಿಂದಿನ ಗಾಡಿ?"

"ಹಿಂದಿಂದೂ ನಿಂದ್ರತದ. ಅಂವ ನಿಂತಾನಲಾ."

"ಎಲ್ಲಾರಿಗೂ ಅಂವ ಗೊತ್ತಿರಬೇಕಲ್ಲ ಆಯಿ? ದೂರದಿಂದ ಬರವರಿಗಿ ಅದು ಒಂದು ಕಲ್ಲು. ಇವತ್ತ ಮುಂಜಾನಿ ಲೀಲಾಬಾಯಿ ಮೊಮ್ಮಗ ಸಿದ್ಧರಾಮ ಒಂದು ಕಾರಿನ ಮೂಗಿಗಿ ಹತ್ತಿ ಪಾರಾದ. ನಾ ಕಣ್ಣ ಮುಚ್ಚಿಕೊಂಡೆ."

ರೇವಮ್ಮನ ಮುಖ ಬಿಗಿಯಿತು. "ನಾ ತಂದ ದೇವರು ಹುಡುಗರನ್ನ ಕೊಲ್ಲತಾನ ಅಂತೀ?"

"ದೇವರಿಗಿ ಅನ್ನಲಿಲ್ಲ. ಕೊಬ್ಬರಿಗಿ ಅಂದೆ. ಆರಿಸಬ್ಯಾಡ್ರಿ ಅಂತ ನೀನ ಹೇಳು. ನಿನ್ನ ಮಾತು ಕೇಳತಾವ."

"ದೇವರ ಪರಸಾದ ಗಾಲಿಗಿ ಹಾಕ್ರಿ ಅಂತ ಹೇಳ್ಲಿ? ಈ ಬಾಯಿಲೆ? ಕಾಲೇಜಿಗಿ ಹೋಗಿ ಇದನ್ನ ಕಲತಿ?"

"ಕಾಲು ಮುರಕೊಂಡು ಕಲತೆ!"

ತಗಡು ನಡುಗಿತು. ದ್ರೌಪದಿ ಒಳಗಿಂದ ಬಂದು, ಎಲ್ಲರಿಗೂ ಆಶ್ಚರ್ಯವಾಗುವಂತೆ, ಮಗಳನ್ನೇ ಗದರಿದಳು. ನಿನ್ನ ಕಾಲು ಹೋಯಿತೆಂದು ಇದ್ದವರ ನಿದ್ದೆ ಕೆಡಿಸಬೇಡ, ದೇವರು ಬಂದಾಗಿನಿಂದ ಒಬ್ಬರಿಗಾದರೂ ಏನಾದರೂ ಆಗಿದೆಯೇ ಎಂದಳು. ಸೋನಾಲಿ ಮೊರ ಪಕ್ಕಕ್ಕೆ ಸರಿಸಿ ಗೋಡೆಯ ಕಡೆ ಹೊರಳಿದಳು. ಅಂದು ಅಜ್ಜಿಯೂ ಉಣ್ಣಲಿಲ್ಲ, ಮೊಮ್ಮಗಳೂ ಉಣ್ಣಲಿಲ್ಲ. ನಡುವೆ ಕೂತು ಹಣಮಂತಪ್ಪ ಇಬ್ಬರ ಪಾಲಿನ ಹೋಳಿಗೆಯನ್ನೂ ತಿಂದು ಬೈಸಿಕೊಂಡ.

ಯುವರಾಜ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದ. ಕಲ್ಲಿಗೆ ಕಟ್ಟೆ ಕಟ್ಟಬೇಕು, ಕಟ್ಟೆಗೆ ಮಂಟಪ, ಮಂಟಪಕ್ಕೆ ದೀಪದ ಸರ ಎಂದು ಓಡಾಡುತ್ತಿದ್ದ. ಗುಡಿಯಾದರೆ ಇನ್ನೂ ಹೆಚ್ಚು ಗಾಡಿ ನಿಲ್ಲುತ್ತವೆ, ಇನ್ನೂ ಹೆಚ್ಚು ಕೊಬ್ಬರಿ ಬೀಳುತ್ತದೆ ಎಂದ. ನಾವೂ ಹೂಂ ಎಂದೆವು.

ಅದಾಗಿ ನಾಲ್ಕಾರು ದಿನಕ್ಕೆ, ಸಾಲೆ ಬಿಡುವ ಹೊತ್ತು. ನಾನು ನಳದ ಹತ್ತಿರ ಕೊಡಕ್ಕೆ ನೀರು ಹಿಡಿಯುತ್ತಿದ್ದೆ. ಅಮೋಲ ಇನ್ನೂ ಮೂರು ಹುಡುಗರ ಜೊತೆ ಕಟ್ಟೆಯ ಮೇಲಿದ್ದ. ಕುರಿ ತುಂಬಿದ ಟೆಂಪೋ ನಿಧಾನಕ್ಕೆ ಬಂತು, ಮುಷ್ಟಿ ತೆರೆಯಿತು, ಭಂಡಾರ ಎದ್ದಿತು. ದೊಡ್ಡದೊಂದು ಕೊಬ್ಬರಿ ಬಟ್ಟಲು ಉರುಳುತ್ತ ಉರುಳುತ್ತ ರಸ್ತೆಯ ಆಚೆ ಅಂಚಿಗೆ ಹೋಯಿತು. ಅಮೋಲ ಅದರ ಹಿಂದೆ ಹೋದ. ಹಳದಿ ಮಬ್ಬಿನಲ್ಲಿ ಅವನ ಬಿಳಿ ಅಂಗಿ ಒಂದು ಗಳಿಗೆ ಕಂಡಿತು. ಟೆಂಪೋದ ಬದಿಯಿಂದ ಬೈಕೊಂದು ಮುಂದೆ ನುಗ್ಗಿತು.

ಬೈಕಿನವನೂ ಹುಡುಗನೇ. ಕಂದಲಗಾಂವದ ಲಕ್ಷ್ಮೀಕಾಂತ ಎಂದು ಆಮೇಲೆ ತಿಳಿಯಿತು, ಅಂಗಡಿಗಳಿಗೆ ಟಾವೆಲ್ ಗಂಟು ಮುಟ್ಟಿಸುವವನು, ಮೀಸೆ ಈಗ ಚಿಗುರುತ್ತಿತ್ತು. ಭಂಡಾರದಲ್ಲಿ ಅವನಿಗೆ ಏನೂ ಕಂಡಿರಲಿಲ್ಲ. ಇಬ್ಬರೂ ಬಿದ್ದರು. ಅವನ ಹೆಗಲ ಎಲುಬು ಸರಿದಿತ್ತು. "ಪೋರ ಆಹೇ ಕಾ? ಪೋರ ಆಹೇ ಕಾ?" ಹುಡುಗ ಇದ್ದಾನಾ ಎಂದು ಬಿದ್ದಲ್ಲಿಂದಲೇ ಕೇಳುತ್ತಿದ್ದ.

ಅಮೋಲ ಇದ್ದ. ಹಣೆ ಒಡೆದು ರಕ್ತ ಕಣ್ಣಿಗಿಳಿದಿತ್ತು, ಎಡಗೈ ಸೊಟ್ಟಗೆ ಜೋತಿತ್ತು. ಸೋನಾಲಿ ಪ್ಲಾಸ್ಟರ್ ಕಾಲನ್ನು ಎಳೆಯುತ್ತ ಅಂಗಳದ ತುದಿಯವರೆಗೆ ಬಂದು ಅಲ್ಲೇ ಕುಸಿದಳು. ದ್ರೌಪದಿ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಅಜ್ಜಿ ಬಂದು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಾಗ ಹುಡುಗ ಬಲಮುಷ್ಟಿ ಬಿಚ್ಚಿದ. ಒಳಗೆ ಕೊಬ್ಬರಿ ಬಟ್ಟಲು ಇತ್ತು.

"ಆಯಿ, ತುಳೀಲಿಲ್ಲ ನೋಡು," ಎಂದ. "ಗಾಲಿ ಬರೂ ಮುಂದ ಎತ್ತಿದೆ."

ರೇವಮ್ಮ ಸೆರಗಿನಿಂದ ಅವನ ಹಣೆಯನ್ನು ಒತ್ತಿ ಹಿಡಿದಳು. ಆಕೆಯ ಬಾಯಿ ತೆರೆದೇ ಇತ್ತು.

ಹಣೆಗೆ ಹೊಲಿಗೆ ಬಿದ್ದವು, ಕೈಗೆ ಪ್ಲಾಸ್ಟರ್ ಬಿತ್ತು. ಒಂದೇ ಮನೆಯಲ್ಲಿ ಎರಡು ಪ್ಲಾಸ್ಟರ್. ಅಕ್ಕ ತಮ್ಮ ಒಂದೇ ಗೋಡೆಗೆ ಒರಗಿ ಕೂತರು. ದ್ರೌಪದಿ ಇಬ್ಬರಿಗೂ ತುತ್ತು ಮಾಡಿ ಉಣಿಸುತ್ತಿದ್ದಳು, ಅತ್ತೆಯ ತಾಟನ್ನು ನೆಲಕ್ಕೆ ಕುಕ್ಕುತ್ತಿದ್ದಳು.

"ತಂದವರು ಒಯ್ಯಿರಿ," ಎಂದಳು ಒಂದು ಸಂಜೆ. "ನಿಮ್ಮ ದೇವರನ್ನ ಹನ್ನೂರಿಗಿ ಬಿಟ್ಟು ಬರ್ರಿ."

"ಕಲ್ಲು ಎಬ್ಬಿಸಿದ್ರ ಗಾಡಿ ಮತ್ತ ಮೊದಲಿನಂಗ ಓಡತಾವಲ್ಲ," ಎಂದ ಹಣಮಂತಪ್ಪ, ಅಪರೂಪಕ್ಕೆ ಕಿವಿ ಕೇಳಿಸಿ.

"ಹೌದವ್ವಾ," ಎಂದಳು ಸೋನಾಲಿ. "ಕಲ್ಲು ಇರಲಿ. ನಮಗ ಇರೂ ಬ್ರೇಕರ್ ಅದೊಂದ. ಆರಿಸೂದು ಬಿಡಬೇಕು, ಅಷ್ಟ."

"ನಾ ಹೇಳಿ ನೋಡಿದೆ," ದ್ರೌಪದಿ ಮೂಗೆಳೆದಳು. "ಬೈದೆ, ಹೊಡದೆ. ಇವತ್ತೂ ಆ ಸಿದ್ಧರಾಮ ಜಿಗದಾನ. ಪಾಪ ಬರತದಂತ, ಆಯಿ ಹೇಳ್ಯಾಳಂತ."

ಅಮೋಲ ಅಜ್ಜಿಯ ಕಡೆ ನೋಡಿದ. "ಆಯಿ, ತುಳಿದ್ರ ಪಾಪ ಐತೋ ಇಲ್ಲೋ? ಒಂದ ಹೇಳು."

ಆಕೆ ಎದ್ದು ಹೊರಗೆ ಹೋದಳು.

ಆ ದಿನಗಳಲ್ಲಿ ರೇವಮ್ಮ ಬೇಗ ಮಲಗುತ್ತಿದ್ದಳು. ಕನಸು ಬೀಳಲಿ ಎಂದು. ತಲೆಯ ಹತ್ತಿರ ಭಂಡಾರ ಇಟ್ಟುಕೊಂಡು, ಕಂಬಳಿ ಮುಖದ ಮೇಲೆ ಎಳೆದುಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ನೀರಿನ ಪಾಳಿಯಲ್ಲಿ ನಾನು ಕೇಳುತ್ತಿದ್ದೆ. "ಬಂದಿದ್ದನೇನಬೇ?"

"ಇಲ್ಲ," ಎನ್ನುತ್ತಿದ್ದಳು. "ಕುರಿ ಬರತಾವ. ಅಂವ ಬರವಲ್ಲ. ಕುರಿ ರಸ್ತಾದ ದಂಡಿಗಿ ನಿಂತು ನನ್ನ ಮಾರಿ ನೋಡತಾವ."

ಕುರಿಗಳು ನೋಡುವ ಬಗೆಯನ್ನು ಹೇಳುವಾಗ ಆಕೆಗೆ ಅಳು ಬರುತ್ತಿತ್ತು. ನಾನು ಆಕೆಯ ಕೊಡವನ್ನು ಪಾಳಿಯಲ್ಲಿ ಮುಂದೆ ಸರಿಸುತ್ತಿದ್ದೆ. ಎಂದೂ ಅತ್ತವಳಲ್ಲ ಆಕೆ.

ಹುಡುಗನ ಹಣೆಯ ಹೊಲಿಗೆ ಬಿಚ್ಚಿದ ಮರುದಿನ, ಸಾಲೆಗೆ ಹೋಗುವ ಹೊತ್ತಿಗೆ, ರೇವಮ್ಮ ಸಂದಿಯ ಹತ್ತಿರ ಬಂದಳು. ಮಕ್ಕಳು ಎಂದಿನಂತೆ ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು, ಚೀಲ ಬೆನ್ನಿಗೆ, ಕಣ್ಣು ರಸ್ತೆಗೆ. ಯುವರಾಜ ಮಂಟಪಕ್ಕೆ ಅಳತೆ ಹಿಡಿಯುತ್ತಿದ್ದ. ದ್ರೌಪದಿ ಅಮೋಲನ ಒಳ್ಳೆಯ ಕೈಯನ್ನು ಬಿಗಿಯಾಗಿ ಹಿಡಿದು ಈಚೆ ಬದಿಯಲ್ಲೇ ನಿಂತಿದ್ದಳು. ಒಂದು ಲಾರಿ ಬಂದು ನಿಧಾನಿಸಿತು, ಭಂಡಾರ ಹಾರಿತು, ಕೊಬ್ಬರಿ ಬಿತ್ತು. ಸಿದ್ಧರಾಮ ಇಳಿಯಲು ಕಾಲು ಚಾಚಿದ.

"ಕುಂಡ್ರಲೇ!"

ಆ ದನಿ ಹಿಂಡು ಕಾಯುವವರ ದನಿ. ಹುಡುಗನ ಕಾಲು ಗಾಳಿಯಲ್ಲೇ ನಿಂತಿತು. ರೇವಮ್ಮ ಎರಡೂ ಕಡೆ ನೋಡಿದಳು. ಲಾರಿ ಹೋಗಿತ್ತು, ಹಿಂದೆ ರಸ್ತೆ ಖಾಲಿ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಿನಲ್ಲಿ ಕೆಳಗೆ ಇಳಿದಳು. ಕೊಬ್ಬರಿ ಬಿದ್ದಲ್ಲಿ ಹೋಗಿ ನಿಂತಳು. ಬಾಗಿ ಎತ್ತುತ್ತಾಳೆ ಎಂದುಕೊಂಡೆವು.

ಆಕೆ ಅದರ ಮೇಲೆ ಕಾಲಿಟ್ಟಳು.

ಮೊದಲು ಹಿಮ್ಮಡಿ, ಆಮೇಲೆ ಇಡೀ ಪಾದ. ಚೂರು ಮುರಿದ ಸದ್ದು ನಮಗೆ ಕೇಳಿತು. ಭಂಡಾರ ಬಿದ್ದಲ್ಲೆಲ್ಲ ಹೊರಳಿ ಹೊರಳಿ, ಕೆಸರು ತುಳಿದಂತೆ ತುಳಿದಳು. ಲೀಲಾಬಾಯಿ ಕಿವಿ ಮುಚ್ಚಿಕೊಂಡಳು. ಯುವರಾಜ, "ಆಯೀ, ಹೇ ಕಾಯ್ ಕರತೇಸ!" ಎಂದು ಚೀರಿದ. ಇದೇನು ಮಾಡುತ್ತೀ ಎಂದು ಕೇಳಲು ನಾನೂ ಸಂದಿಯ ಕಡೆ ಹೆಜ್ಜೆ ಹಾಕಿದೆ.

ರೇವಮ್ಮ ಕಟ್ಟೆಯ ಮೇಲೆ ಹತ್ತಿ, ಮಕ್ಕಳ ಮುಂದೆ ಒಂದೊಂದೇ ಪಾದ ಎತ್ತಿ ತೋರಿಸಿದಳು.

"ನೋಡ್ರಿ. ತುಳದೀನಿ. ಪಾಪ ಬರೂದಿದ್ರ ನನಗ ಬರತದ. ನನ್ನ ಒಬ್ಬಾಕಿಗಿ. ನಿಮಗ ಇಲ್ಲ, ವಸ್ತಿಗಿ ಇಲ್ಲ. ಎತ್ತಾಕ ಯಾರರ ಇಳದ್ರ ಅವರ ಕಾಲು ನಾನ ಮುರೀತೀನಿ. ರಸ್ತಾದ ಮ್ಯಾಲ ಬಿದ್ದದ್ದು ರಸ್ತಾದ್ದು. ತಿಳೀತಿಲ್ಲೊ?"

"ದೇವರು ಸಿಟ್ಟ ಆಗೂದಿಲ್ಲೇನಾಯಿ?" ಸಿದ್ಧರಾಮ ಸಣ್ಣ ದನಿಯಲ್ಲಿ ಕೇಳಿದ.

"ಆಗಲಿ. ಅವನ್ನ ಕೇಳಿದೆ, ಅಂವ ಹೇಳಲಿಲ್ಲ. ನಾ ಹೇಳಾಕತ್ತೀನಿ."

ಮತ್ತೊಂದು ಗಾಡಿ ಬಂತು. ಕೊಬ್ಬರಿ ಬಿತ್ತು, ಪುಟಿಯಿತು, ಹಿಂದೆ ಬಂದ ಕಾರಿನ ಗಾಲಿಗೆ ಸಿಕ್ಕು ಹಿಟ್ಟಾಯಿತು. ಸಾಲಾಗಿ ಕೂತ ಮಕ್ಕಳು ಅದನ್ನು ನೋಡಿದರು, ಮುದುಕಿಯ ಕಾಲು ನೋಡಿದರು. ಯಾರೂ ಇಳಿಯಲಿಲ್ಲ. ರಸ್ತೆ ಖಾಲಿಯಾದಾಗ ದ್ರೌಪದಿಯೇ ಮುಂದಾಗಿ ಎಲ್ಲರನ್ನೂ ಆಚೆ ದಾಟಿಸಿದಳು. ಅಮೋಲ ತಿರುಗಿ ತಿರುಗಿ ಅಜ್ಜಿಯನ್ನು ನೋಡುತ್ತ ಸಾಲೆಗೆ ಹೋದ.

ರೇವಮ್ಮ ಮನೆಗೆ ಬಂದು ಹೊಸ್ತಿಲಿನ ಹೊರಗೇ ಕೂತಳು, ಒಳಗೆ ಬರಲಿಲ್ಲ. ಸೋನಾಲಿ ಗೋಡೆ ಹಿಡಿದು ಎದ್ದು ಬಂದು ಆಕೆಯ ಬೆನ್ನಿಗೆ ಒರಗಿ ಕೂತಳು. ಸ್ವಲ್ಪ ಹೊತ್ತಿಗೆ ದ್ರೌಪದಿ ಮರಳಿ ಬಂದಳು. ನಾನು ನನ್ನ ಬಾಗಿಲಲ್ಲಿ ನಿಂತಿದ್ದೆ, ಈ ಸಲ ತಗಡಿನ ಹಂಗಿರಲಿಲ್ಲ. ಸೊಸೆ ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಅತ್ತೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಮದುವೆಯಾಗಿ ಬಂದ ಹೊಸತರಲ್ಲಿ ತೊಳೆದಿರಬಹುದು ಆ ಪಾದಗಳನ್ನು, ಆಮೇಲೆ ಎಂದೂ ಇಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಹಳದಿ ತುಂಬಿತ್ತು, ಕೊಬ್ಬರಿ ಪುಡಿ ಅಂಟಿತ್ತು. ದ್ರೌಪದಿ ತಂಬಿಗೆ ಬಾಗಿಸಿದಳು.

ರೇವಮ್ಮ ಸೊಸೆಯ ಕೈ ಹಿಡಿದು ತಡೆದಳು.

"ಬ್ಯಾಡ ಬಿಡವ್ವಾ," ಎಂದಳು. "ನಾಳಿ ಮತ್ತ ತುಳೀಬೇಕು."